ಕಾಡಿನ ಗಸ್ತು: ಶಕೀಲ್ ಅಹ್ಮದ್ ನಡೆದ ದಾರಿ



‘ಗಸ್ತು’ ಎಂಬ ಪದ ನಿಮಗೆಲ್ಲ ಪರಿಚಿತ. ರಾತ್ರಿ ವೇಳೆ ಪೊಲೀಸರು ಮೊಹಲ್ಲಾದಲ್ಲಿ ಸುತ್ತುವುದನ್ನು ಕನ್ನಡದಲ್ಲಿ ಗಸ್ತು ಎನ್ನುತ್ತೇವೆ. ಇದು ಪಾರಸಿ ಭಾಷೆಯ ‘ಗಶ್ತ್’. ತಬ್ಲೀಗಿನ ಸಾಥಿಗಳು ಮನೆ ಮನೆಗೆ ಹೊರಡುವುದಕ್ಕೂ ಉರ್ದುವಿನಲ್ಲಿ ಅದೇ ಹೆಸರು. ಎರಡೂ ಕಡೆ ನಾಲ್ಕಾರು ಜನ, ಕಾಲ್ನಡಿಗೆ. ಕಾಡಿನ ಗಸ್ತೂ ಹೀಗೆಯೇ ಇರಬೇಕು. ಆದರೆ ಈ ವಿದ್ಯೆಯನ್ನು ಕಲಿಯಲು ನಮ್ಮ ಪೊಲೀಸರು ಬಹಳ ರಕ್ತ ಸುರಿಸಬೇಕಾಯಿತು. ಅದು ನಡೆದದ್ದು ದೂರದಲ್ಲೇನೂ ಅಲ್ಲ. ಕೆಸರೆಯಿಂದ ನಾಲ್ಕೈದು ಗಂಟೆಗಳ ಬಸ್ ಪ್ರಯಾಣದ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ. ಆಗ ಆ ಪ್ರದೇಶ ಮೈಸೂರು ಜಿಲ್ಲೆಗೇ ಸೇರಿತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಆನೆದಂತ ಮತ್ತು ಶ್ರೀಗಂಧದ ಕಳ್ಳಸಾಗಣೆ ಮಾಡುತ್ತಿದ್ದ ವೀರಪ್ಪನ್ ಹುಟ್ಟಿದ್ದು ಕಾವೇರಿ ಬಳಿಯ ಗೋಪಿನಾಥಂ ಗ್ರಾಮದಲ್ಲಿ. ಅವನನ್ನು ಹಿಡಿಯಲು 1990ರಲ್ಲಿ ಕರ್ನಾಟಕ ಮತ್ತು ತಮಿಳುನಾಡು ಸರಕಾರಗಳು ವಿಶೇಷ ಕಾರ್ಯಪಡೆ ರಚಿಸಿದವು. ಜನ ಇದನ್ನು ಎಸ್.ಟಿ.ಎಫ್. ಎಂದೇ ಕರೆದರು. ಪೊಲೀಸರ ಬಳಿ ಜೀಪು, ಬಸ್ಸು, ವೈರ್‌ಲೆಸ್, ಸಾಕಷ್ಟು ಜನ ಎಲ್ಲವೂ ಇತ್ತು. ಅವನ ಬಳಿ ಇದ್ದದ್ದು ಒಂದೇ, ಕಾಡಿನ ಪರಿಚಯ.

ವಿದ್ಯಾರ್ಥಿಗಳೇ, ಕಾಡಿನಲ್ಲಿ ಕಣ್ಣಿಗಿಂತ ಕಿವಿ, ಮೂಗು ಹೆಚ್ಚು ಕೆಲಸ ಮಾಡುತ್ತವೆ. ಲಂಟಾನ ಪೊದೆ, ಬಿದಿರುಮೆಳೆಗಳ ನಡುವೆ ಹತ್ತಿಪ್ಪತ್ತು ಹೆಜ್ಜೆಯ ಆಚೆ ಏನೂ ಕಾಣುವುದಿಲ್ಲ. ಆದರೆ ಒಣಗಿದ ಎಲೆಯ ಮೇಲೆ ನೂರು ಜನ ನಡೆದರೆ ಆ ಸದ್ದು ಬಹುದೂರ ಕೇಳಿಸುತ್ತದೆ. ಬೀಡಿಯ ಹೊಗೆ, ಸಾಬೂನಿನ ವಾಸನೆ, ಅನ್ನ ಬೇಯಿಸಿದ ಒಲೆ, ಒಂದು ಕೆಮ್ಮು, ಇವೆಲ್ಲ ಶತ್ರುವಿಗೆ ಕಾಗದ ಬರೆದು ಹಾಕಿದಂತೆ. ಆದ್ದರಿಂದ ಐದಾರು ಜನರ ತಂಡವೇ ಲೇಸು. ಮುಂದಿನವನು ದಾರಿ ನೋಡುತ್ತಾನೆ, ಕೊನೆಯವನು ಹಿಂದಕ್ಕೆ ಕಣ್ಣಿಟ್ಟಿರುತ್ತಾನೆ, ಮಾತು ಕೈಸನ್ನೆಯಲ್ಲಿಯೇ. ಹೋದ ದಾರಿಯಲ್ಲಿ ಮರಳಿ ಬರುವುದಿಲ್ಲ. ಬೇಸಿಗೆಯಲ್ಲಿ ಓಡಾಡುವುದಕ್ಕಿಂತ ನೀರಿನ ಗುಂಡಿಯ ಬಳಿ ದಿನಗಟ್ಟಲೆ ಅಲುಗಾಡದೆ ಕುಳಿತವನಿಗೇ ಫಲ ಹೆಚ್ಚು. ಆನೆಯೂ ಕಳ್ಳನೂ ನೀರಿಗೆ ಬರಲೇಬೇಕಲ್ಲ! ಸಬರ್ ಎಂಬುದು ಇಲ್ಲಿ ಆಯುಧಗಳಲ್ಲಿ ಒಂದು.

ಇಷ್ಟೆಲ್ಲ ಇದ್ದರೂ ಎಲ್ಲಿ ಹೋಗಿ ಕೂರಬೇಕು ಎಂಬುದನ್ನು ಯಾರಾದರೂ ಹೇಳಬೇಕು. ನಿಜವಾದ ಸಮಸ್ಯೆ ಇದ್ದದ್ದು ಅಲ್ಲಿ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಇದನ್ನು ಎಲ್ಲರಿಗಿಂತ ಮೊದಲು ಅರಿತಿದ್ದರು. ಗೋಪಿನಾಥಂ ಜನರ ನಡುವೆ ಬೆರೆತು, ಅವರ ಚಿಕಿತ್ಸೆಗೆ ವ್ಯವಸ್ಥೆ ಮಾಡಿ, ಅವರಿಗೆ ಗುಡಿ ಕಟ್ಟಿಸಿಕೊಟ್ಟು ವಿಶ್ವಾಸ ಗಳಿಸಿದ್ದರು. ಶರಣಾಗುತ್ತೇನೆಂಬ ವೀರಪ್ಪನ್ನನ ಮಾತನ್ನು ನಂಬಿ ನಿಶ್ಶಸ್ತ್ರರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ಕೊಲ್ಲಲಾಯಿತು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಸಂದಿತು.

ಈಗ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ವಿಷಯಕ್ಕೆ ಬರೋಣ. ನಮ್ಮ ಮಕ್ಕಳಿಗೆ ವೀರಪ್ಪನ್ನನ ಮೀಸೆ ಗೊತ್ತು, ಈ ಹೆಸರು ಗೊತ್ತಿಲ್ಲ. 1992ರ ಫೆಬ್ರವರಿಯಲ್ಲಿ ವೀರಪ್ಪನ್ನನ ಬಲಗೈಯಂತಿದ್ದ ಗುರುನಾಥನ್ ಪೊಲೀಸರ ಕೈಗೆ ಸಿಕ್ಕಿ ಸತ್ತನು. ಅವನನ್ನು ಹಿಡಿದ ಕೀರ್ತಿ ಶಕೀಲ್ ಅವರದು. ದೊಡ್ಡ ಪಡೆಗಳಿಂದ ಆಗದ ಕೆಲಸ ಒಬ್ಬ ಧೈರ್ಯಶಾಲಿ ಅಧಿಕಾರಿಯಿಂದ ಆಯಿತು. ವೀರಪ್ಪನ್ ಇದನ್ನು ಮರೆಯಲಿಲ್ಲ. ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ಒಯ್ದನು. ಬಳಿಕ ಮಾಹಿತಿದಾರನ ಮೂಲಕ ಸುಳ್ಳು ಸುದ್ದಿ ಕಳಿಸಿ ಬಲೆ ಬೀಸಿದನು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಎಸ್.ಪಿ. ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ಮೀಣ್ಯಂ ಬಳಿ ವಾಹನದಲ್ಲಿ ಹೋಗುತ್ತಿದ್ದಾಗ ಹೊಂಚು ಹಾಕಿದ್ದ ತಂಡ ಗುಂಡಿನ ಮಳೆಗರೆಯಿತು. ಅವರಿಬ್ಬರೂ ಸೇರಿ ಆರು ಪೊಲೀಸರು ಪ್ರಾಣ ತೆತ್ತರು. ಧೈರ್ಯದಲ್ಲಿ ಕೊರತೆ ಇರಲಿಲ್ಲ. ಸುದ್ದಿ ಸುಳ್ಳಾಗಿತ್ತು, ಮತ್ತು ದಾರಿ ಯಾವುದೆಂದು ಶತ್ರುವಿಗೆ ಮೊದಲೇ ಗೊತ್ತಿತ್ತು. ಅಲ್ಲಾಹನು ಅವರ ಕುಟುಂಬಗಳಿಗೆ ಸಹನೆ ನೀಡಲಿ.

ದಾರಿಯ ಅಪಾಯ ಅಷ್ಟಕ್ಕೇ ಮುಗಿಯಲಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವಾಹನಗಳಲ್ಲಿ ಹೊರಟ ತಂಡ ನೆಲಬಾಂಬಿಗೆ ಸಿಕ್ಕಿ 22 ಜನ ಸತ್ತರು.

ಬ್ರಿಟಿಷರೂ ಮಲಯದಲ್ಲಿ ಇದೇ ಪೆಟ್ಟು ತಿಂದಿದ್ದರು. 1951ರ ಅಕ್ಟೋಬರ್ 6ರಂದು ಅಲ್ಲಿನ ಹೈಕಮಿಷನರ್ ಹೆನ್ರಿ ಗರ್ನಿಯವರನ್ನು ಕಮ್ಯುನಿಸ್ಟ್ ಗೆರಿಲ್ಲಾಗಳು ಬೆಟ್ಟದ ರಸ್ತೆಯಲ್ಲಿಯೇ ಹೊಂಚುಹಾಕಿ ಕೊಂದರು. ಅಲ್ಲಿ ಎಸ್.ಎ.ಎಸ್. ಎಂಬ ವಿಶೇಷ ಪಡೆಯ ಸಣ್ಣ ತಂಡಗಳು ವಾರಗಟ್ಟಲೆ ಕಾಡಿನಲ್ಲೇ ಉಳಿದು ಗಸ್ತು ನಡೆಸಿದವು. ಹೆಜ್ಜೆಗುರುತು ಓದಲು ಬೋರ್ನಿಯೋದ ಇಬಾನ್ ಬುಡಕಟ್ಟಿನವರನ್ನು ಕರೆತಂದರು. ಆದರೆ ಅದೇ ಬ್ರಿಟಿಷರು ಲಕ್ಷಾಂತರ ಹಳ್ಳಿಗರನ್ನು ಮನೆಯಿಂದೆಬ್ಬಿಸಿ ಮುಳ್ಳುತಂತಿಯ ಬೇಲಿಯೊಳಗೆ ಇಟ್ಟದ್ದನ್ನೂ ಇತಿಹಾಸ ಬರೆಯುವವರು ಬಿಡಬಾರದು.

ನಮ್ಮಲ್ಲೂ ಬಿಡಬಾರದ ಒಂದು ಅಧ್ಯಾಯವಿದೆ. ವೀರಪ್ಪನ್ನನಿಗೆ ಅಕ್ಕಿ ಕೊಟ್ಟರೆಂಬ, ಸುದ್ದಿ ಕೊಟ್ಟರೆಂಬ ಗುಮಾನಿಯ ಮೇಲೆ ಸೋಲಿಗರು ಮತ್ತು ಕಾಡಂಚಿನ ಬಡವರು ಹಿಂಸೆ ಅನುಭವಿಸಿದರು. ಕಾಡಿನ ಪ್ರತಿ ಹೆಜ್ಜೆ ಬಲ್ಲ ಸೋಲಿಗರೇ ಪೊಲೀಸರನ್ನು ಕಂಡು ಓಡುವಂತಾದರೆ ಗಸ್ತಿಗೆ ದಾರಿ ತೋರಿಸುವವರು ಯಾರು? ಅನೇಕರು ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಅವರಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಒಂದೆಡೆ ಜನ ಬಾಯಿ ಮುಚ್ಚಿಕೊಂಡರು, ಇನ್ನೊಂದೆಡೆ ವೀರಪ್ಪನ್ 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನೇ ಒಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡನು. ಈ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಕೆಲಸ ಆದದ್ದು ಸದ್ದಿಲ್ಲದೆ. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆಯ ಸಿಬ್ಬಂದಿ ವ್ಯಾಪಾರಿಗಳಂತೆ, ಗಾರೆ ಕೆಲಸದವರಂತೆ ಹಳ್ಳಿಗಳಲ್ಲಿ ಸೇರಿಕೊಂಡರು. ತಿಂಗಳುಗಟ್ಟಲೆ ಕಾದರು. ವೀರಪ್ಪನ್ನನ ಕಣ್ಣಿಗೆ ಪೊರೆ ಬಂದಿತ್ತು, ಚಿಕಿತ್ಸೆಗೆ ಹೊರಗೆ ಬರಲೇಬೇಕಿತ್ತು. ನೀರಿನ ಗುಂಡಿಯ ಬಳಿ ಕಾಯುವ ಲೆಕ್ಕವೇ ಇದು. 2004ರ ಅಕ್ಟೋಬರ್ 18ರ ರಾತ್ರಿ ಅವನು ಮೂವರು ಸಂಗಡಿಗರೊಂದಿಗೆ ಹತ್ತಿದ ಆಂಬುಲೆನ್ಸ್ ಪೊಲೀಸರದ್ದೇ ಆಗಿತ್ತು, ಓಡಿಸಿದವನೂ ಪೊಲೀಸನೇ. ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಗುಂಡಿನ ಕಾಳಗದಲ್ಲಿ ನಾಲ್ವರೂ ಸತ್ತರು. ಹದಿನಾಲ್ಕು ವರ್ಷಗಳ ಬೇಟೆ ಮುಗಿದದ್ದು ಕಾಡಿನಲ್ಲಲ್ಲ, ರಸ್ತೆಯಲ್ಲಿ. ಈ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಕೂನ್’, ಅಂದರೆ ರೇಷ್ಮೆಗೂಡು.

ಹಳ್ಳಿಗರ ಮೇಲಿನ ದೌರ್ಜನ್ಯದ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು 1999ರಲ್ಲಿಯೇ ನೇಮಿಸಿತ್ತು. 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗ ಆದೇಶಿಸಿದಾಗ 2007 ಬಂದಿತ್ತು.