ಹಿಂದಿ ಚಿತ್ರಗೀತೆಗಳಲ್ಲಿ ನಗು

ಹಾಡಿನ ನಡುವೆ ಗಾಯಕ ಅಥವಾ ಗಾಯಕಿ ನಗುವುದು, ಇಲ್ಲವೇ ನಗುತ್ತಲೇ ಒಂದು ಸಾಲನ್ನು ಹಾಡಿ ಮುಗಿಸುವುದು ಹಿಂದಿ ಚಿತ್ರಗೀತೆಗಳಲ್ಲಿ ಬೆಳೆದುಬಂದ ಒಂದು ವಿಶಿಷ್ಟ ಗಾಯನಕ್ರಮ. 1950ರಿಂದ 1980ರವರೆಗಿನ ಮೂರು ದಶಕಗಳು ಇದರ ಉಚ್ಛ್ರಾಯ ಕಾಲ. ಮುಸಿನಗು, ಕಿಸಕ್ಕನೆ ಹೊಮ್ಮುವ ನಗು, ಕುಡುಕನ ತೊದಲುನಗು, ವಿದೂಷಕನ ಗಹಗಹ, ಕ್ಯಾಬರೆ ನರ್ತಕಿಯ ಕೆಣಕುನಗು ಎಲ್ಲವೂ ಇದರಲ್ಲಿ ಸೇರುತ್ತವೆ. ಕೇಳುವವರಿಗೆ ಇದು ಪುಟ್ಟ ಅಲಂಕಾರದಂತೆ ಕಾಣಬಹುದು. ಆದರೆ ಹಿನ್ನೆಲೆ ಗಾಯನಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ಮಾತಿನ ದೃಶ್ಯದಲ್ಲಿ ತನ್ನದೇ ದನಿಯಲ್ಲಿ ನಕ್ಕ ನಟಿ, ಹಾಡು ಶುರುವಾದೊಡನೆ ಗಾಯಕಿಯ ಗಂಟಲಿನಿಂದ ನಗಬೇಕಾಗುತ್ತದೆ. ಅಲ್ಲಿ ನಗು ಹೊಂದದಿದ್ದರೆ ತೆರೆಯ ಮೇಲಿನ ಮುಖ ಬೇರೆ, ದನಿ ಬೇರೆ ಎಂಬುದು ಆ ಕ್ಷಣದಲ್ಲೇ ಬಯಲಾಗುತ್ತದೆ.

ಹಾಡಿನೊಳಗೆ ನಗುವನ್ನು ತರುವ ಪ್ರಯತ್ನ ಭಾರತಕ್ಕಷ್ಟೇ ಸೀಮಿತವಲ್ಲ. ಯುರೋಪಿನ ಸಂಗೀತ ನಾಟಕಗಳಲ್ಲಿ ಇದಕ್ಕೆ ಹಳೆಯ ಮಾದರಿಗಳಿವೆ. 1856ರಲ್ಲಿ ಒಬೇರ್ ರಚಿಸಿದ ‘ಮ್ಯಾನೋನ್ ಲೆಸ್ಕೋ’ ಮತ್ತು 1874ರಲ್ಲಿ ಯೋಹಾನ್ ಸ್ಟ್ರಾಸ್ ರಚಿಸಿದ ‘ಡೀ ಫ್ಲೆಡರ್‌ಮೌಸ್’ ಎರಡರಲ್ಲೂ ನಗೆಹಾಡುಗಳಿವೆ. ಧ್ವನಿಮುದ್ರಣದ ಆರಂಭದ ದಿನಗಳಲ್ಲಿ, 1890ರ ಸುಮಾರಿಗೆ, ಜಾರ್ಜ್ ಡಬ್ಲ್ಯು. ಜಾನ್ಸನ್ ಎಂಬ ಆಫ್ರಿಕನ್ ಅಮೆರಿಕನ್ ಗಾಯಕನ ನಗೆಹಾಡು ಭಾರೀ ಜನಪ್ರಿಯವಾಗಿತ್ತು. ಒಂದು ಮುದ್ರಣದಿಂದ ಸಾವಿರಾರು ಪ್ರತಿ ತೆಗೆಯುವ ತಂತ್ರ ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಆತ ಅದೇ ಹಾಡನ್ನು ಹಾಡಿ ಅದೇ ನಗುವನ್ನು ಮತ್ತೆ ಮತ್ತೆ ನಗಬೇಕಾಗಿತ್ತು. ಈ ಹಾಡುಗಳಲ್ಲೆಲ್ಲ ನಗುವೇ ವಸ್ತು, ನಗಿಸುವುದೇ ಗುರಿ. ಹಿಂದಿ ಚಿತ್ರಗೀತೆಯ ದಾರಿ ಬೇರೆ. ಅಲ್ಲಿ ನಗು ಪಾತ್ರದ ಸ್ವಭಾವಕ್ಕೆ ಸೇರಿದ್ದು. ಪ್ರೇಮ, ಮುನಿಸು, ಛೇಡಿಕೆ, ಅಮಲು, ಹುಚ್ಚು ಇವುಗಳ ಬೆನ್ನಿಗೆ ಬರುವಂಥದ್ದು.

ಇದರ ಬೇರುಗಳನ್ನು ದೇಶದ ಹಳೆಯ ಕಲೆಗಳಲ್ಲೇ ಹುಡುಕಬೇಕು. ನಾಟ್ಯಶಾಸ್ತ್ರವು ಹಾಸ್ಯರಸವನ್ನು ವಿವರಿಸುತ್ತ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಮೊದಲೆರಡು ಉತ್ತಮ ಪಾತ್ರಗಳಿಗೆ, ನಡುವಿನೆರಡು ಮಧ್ಯಮರಿಗೆ, ಕಡೆಯೆರಡು ಅಧಮರಿಗೆ. ಠುಮ್ರಿ ಗಾಯಕಿಯರು ಒಂದೇ ಮಾತನ್ನು ಹತ್ತು ಬಗೆಯಲ್ಲಿ ತಿರುಗಿಸಿ ಹಾಡುವಾಗ ದನಿಯಲ್ಲೇ ಮುಗುಳ್ನಗೆಯನ್ನು ಸೂಚಿಸುವ ಪದ್ಧತಿಯೂ ಉಂಟು. ಉತ್ತರ ಭಾರತದ ಮದುವೆಗಳಲ್ಲಿ ಬೀಗರನ್ನು ಹಂಗಿಸುವ ಹೆಂಗಸರ ಹಾಡುಗಳಂತೂ ನಗುವಿಲ್ಲದೆ ಪೂರ್ತಿಯಾಗುವುದೇ ಇಲ್ಲ. ಚಿತ್ರಗೀತೆಯ ಹಾದಿಯನ್ನು ನೋಡಿದರೆ ನಾಟ್ಯಶಾಸ್ತ್ರದ ಆ ವಿಂಗಡಣೆಯನ್ನು ಯಾರೂ ಹೇಳಿಕೊಡದಿದ್ದರೂ ಉದ್ಯಮ ಅದನ್ನು ಬಹುಮಟ್ಟಿಗೆ ಪಾಲಿಸಿದಂತೆ ಕಾಣುತ್ತದೆ. ನಾಯಕಿಗೆ ಸ್ಮಿತ, ಹೆಚ್ಚೆಂದರೆ ಹಸಿತ. ಬಾಯಿಬಿಟ್ಟು ನಗುವ ಹಕ್ಕು ವಿದೂಷಕನಿಗೆ ಮತ್ತು ಕ್ಯಾಬರೆ ನರ್ತಕಿಗೆ.

1931ರ ‘ಆಲಂ ಆರಾ’ದಿಂದ ಕೆಲವು ವರ್ಷ ನಟರೇ ಹಾಡುತ್ತಿದ್ದರು; ನಗು ಅವರದೇ ಆಗಿತ್ತು. 1935ರಲ್ಲಿ ನಿತಿನ್ ಬೋಸ್ ನಿರ್ದೇಶನದ, ರಾಯ್ ಚಂದ್ ಬೋರಾಲ್ ಸಂಗೀತದ ‘ಧೂಪ್ ಛಾಂವ್’ ಚಿತ್ರದೊಂದಿಗೆ ಹಿನ್ನೆಲೆ ಗಾಯನ ಕಾಲಿಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಅದೇ ರೂಢಿಯಾಯಿತು. ಹಾಡುವವರು ಮೈಕಿನ ಮುಂದೆ ನಿಂತು, ಇನ್ನೂ ಚಿತ್ರೀಕರಣವೇ ಆಗದ ದೃಶ್ಯವೊಂದರ ಮುಖಭಾವವನ್ನು ಊಹಿಸಿಕೊಂಡು ನಗಬೇಕಾದ ಪರಿಸ್ಥಿತಿ ಹೀಗೆ ಹುಟ್ಟಿತು. ಹಾಡು ಮೊದಲು, ಚಿತ್ರೀಕರಣ ಆಮೇಲೆ. ಹಾಗಾಗಿ ಗಾಯಕಿ ನಕ್ಕಲ್ಲಿ ನಟಿ ನಗಬೇಕು, ಅಷ್ಟೇ ಹೊತ್ತು, ಅದೇ ಬಗೆಯಲ್ಲಿ. ಅಭಿನಯದ ಒಂದು ಪಾಲು ಧ್ವನಿಮುದ್ರಣ ಕೊಠಡಿಯಲ್ಲೇ ತೀರ್ಮಾನವಾಗುತ್ತಿತ್ತು.

ಇದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಉಸಿರಿನ ಲೆಕ್ಕವನ್ನು ನೋಡಬೇಕು. ನಗುವೆಂದರೆ ಉಸಿರನ್ನು ತುಂಡುತುಂಡಾಗಿ ಹೊರಹಾಕುವುದು. ಸಹಜವಾಗಿ ನಕ್ಕಾಗ ಒಂದು ‘ಹ’ಕ್ಕೂ ಮುಂದಿನ ‘ಹ’ಕ್ಕೂ ನಡುವೆ ಸುಮಾರು 0.2 ಸೆಕೆಂಡು ಅಂತರವಿರುತ್ತದೆ. ಹಾಡಿನ ಸಾಲನ್ನು ಎಳೆಯುವುದಕ್ಕೆ ಬೇಕಾದ್ದೂ ಅದೇ ಹೊರಹೋಗುವ ಉಸಿರು. ಸಾಲಿನ ಅರ್ಧದಲ್ಲಿ ನಕ್ಕರೆ ಉಳಿದರ್ಧಕ್ಕೆ ಉಸಿರು ಸಾಲುವುದಿಲ್ಲ, ಶ್ರುತಿ ಜಾರುತ್ತದೆ. ಇನ್ನು ತಾಳ. ನಿಮಿಷಕ್ಕೆ 75 ಮಾತ್ರೆಗಳ ನಡೆಯಲ್ಲಿ ಒಂದು ಮಾತ್ರೆಯ ಕಾಲುಭಾಗ ಸರಿಯಾಗಿ 0.2 ಸೆಕೆಂಡು ಆಗುತ್ತದೆ. ಅಂಥ ಲಯದಲ್ಲಿ ಸಹಜ ನಗು ತಾನಾಗಿಯೇ ತಬಲಾದ ನಡೆಗೆ ಕೂಡಿಕೊಳ್ಳುತ್ತದೆ. ಲಯ ಹೆಚ್ಚು ಕಡಿಮೆಯಾದರೆ ಗಾಯಕಿ ನಗುವನ್ನೇ ಎಳೆಯಬೇಕು ಇಲ್ಲವೇ ಕತ್ತರಿಸಬೇಕು, ಅದೂ ಕೃತಕವೆನಿಸದಂತೆ.

ಆ ಕಾಲದ ಮುದ್ರಣ ಪದ್ಧತಿ ಈ ಕಷ್ಟವನ್ನು ಹೆಚ್ಚಿಸುತ್ತಿತ್ತು. ತಾರದೇವ್‌ನ ಫಿಲ್ಮ್ ಸೆಂಟರ್, ಬಾಂದ್ರಾದ ಮೆಹಬೂಬ್ ಸ್ಟುಡಿಯೋದಂಥ ಕಡೆ ಇಡೀ ವಾದ್ಯವೃಂದವೂ ಗಾಯಕರೂ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಹಾಡನ್ನು ಮುಗಿಸುತ್ತಿದ್ದರು. ನಗು ಒಂದು ಮಾತ್ರೆ ತಡವಾದರೆ ಪಿಟೀಲಿನವರಿಂದ ಹಿಡಿದು ಎಲ್ಲರೂ ಮತ್ತೆ ಮೊದಲಿನಿಂದ ನುಡಿಸಬೇಕು. ಮೇಲಾಗಿ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲೇ ಪಲ್ಲವಿ, ಚರಣ, ವಾದ್ಯಭಾಗ ಎಲ್ಲ ಮುಗಿಯಬೇಕಾದಾಗ ನಗುವಿಗೆ ಎರಡು ಸೆಕೆಂಡು ಕೊಡುವುದೂ ಸಂಗೀತ ನಿರ್ದೇಶಕ ಯೋಚಿಸಿ ಮಾಡಬೇಕಾದ ಖರ್ಚೇ. ಆದರೂ ಕೊಟ್ಟರು. ಅದಕ್ಕೆ ರೇಡಿಯೋ ಒಂದು ಕಾರಣವೆಂದು ಹೇಳಬಹುದು. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಆರಂಭವಾದ ಮೇಲೆ ಚಿತ್ರ ನೋಡದ ಲಕ್ಷಾಂತರ ಜನರಿಗೂ ಹಾಡು ತಲುಪತೊಡಗಿತು. ಮುಖ ಕಾಣದ ಕೇಳುಗನಿಗೆ ನಗುವೇ ಮುಖ.

1950ರ ದಶಕದಲ್ಲಿ ಈ ಕ್ರಮಕ್ಕೆ ಹದ ಬಂದದ್ದು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ಚಿತ್ರಗಳ ಸುತ್ತಮುತ್ತ. ‘ಆರ್ ಪಾರ್’ (1954), ‘ಮಿಸ್ಟರ್ ಅಂಡ್ ಮಿಸೆಸ್ 55’ (1955) ಚಿತ್ರಗಳಿಗೆ ಓ.ಪಿ. ನಯ್ಯರ್ ಮಾಡಿದ ಯುಗಳ ಗೀತೆಗಳು ಹೆಚ್ಚುಕಡಿಮೆ ಸಂಭಾಷಣೆಗಳೇ. ಒಬ್ಬರು ಕೇಳುವುದು, ಇನ್ನೊಬ್ಬರು ಮೂಗು ಮುರಿಯುವುದು. ಗೀತಾ ದತ್ ದನಿಯಲ್ಲಿ ಸದಾ ತುಟಿಯಂಚಿಗೆ ಬಂದು ನಿಂತ ನಗುವಿದೆ. ಆಕೆ ಬಿಡಿಯಾಗಿ ನಗಬೇಕಾದ ಅಗತ್ಯವೇ ಕಡಿಮೆ, ಸ್ವರವೇ ನಗುತ್ತದೆ. ಮೊಹಮ್ಮದ್ ರಫಿಯವರು ಜಾನಿ ವಾಕರ್‌ಗಾಗಿ ಹಾಡುವಾಗ ಆ ನಟನ ಮೂಗುಮಿಶ್ರಿತ ಎಳೆತವನ್ನೂ ಹುಬ್ಬು ಕುಣಿತವನ್ನೂ ದನಿಗೆ ತಂದುಕೊಳ್ಳುತ್ತಿದ್ದರು. ‘ಪ್ಯಾಸಾ’ದ (1957) ತಲೆಮಾಲೀಷಿನ ಹಾಡನ್ನು ಅದೇ ಚಿತ್ರದಲ್ಲಿ ಕವಿ ಪಾತ್ರಕ್ಕೆ ಅವರು ಹಾಡಿದ್ದರ ಪಕ್ಕದಲ್ಲಿಟ್ಟು ಕೇಳಿದರೆ ಇಬ್ಬರು ಗಾಯಕರೇನೋ ಅನ್ನಿಸುತ್ತದೆ. ಎಸ್.ಡಿ. ಬರ್ಮನ್ ಆಶಾ ಭೋಸ್ಲೆಯವರಿಂದ ಇಂಥ ಕೆಲಸ ತೆಗೆಸಿದ್ದು ‘ಪೇಯಿಂಗ್ ಗೆಸ್ಟ್’ (1957) ಚಿತ್ರದ ಸೆರಗಿನ ಹಾಡಿನಲ್ಲಿ. ಅಲ್ಲಿ ಬೆಚ್ಚಿದ ಸಣ್ಣ ಉದ್ಗಾರವೊಂದು ಪದಗಳಿಗಿಂತ ಮೊದಲೇ ಸನ್ನಿವೇಶವನ್ನು ಹೇಳಿಬಿಡುತ್ತದೆ.

ಕಿಶೋರ್ ಕುಮಾರ್ ಅವರದು ಪ್ರತ್ಯೇಕ ಪ್ರಕರಣ. ಅವರು ನಟರೂ ಆಗಿದ್ದರಿಂದ ದನಿ ಮತ್ತು ಮುಖ ಬೇರೆಯಾಗುವ ತೊಂದರೆ ಅವರ ಚಿತ್ರಗಳಲ್ಲಿ ಇರಲಿಲ್ಲ. ನಗು ಎಲ್ಲಿ ಬೇಕಾದರೂ ಉಕ್ಕಬಹುದಿತ್ತು. ‘ಚಲ್ತಿ ಕಾ ನಾಮ್ ಗಾಡಿ’ (1958), ‘ಝುಮ್ರೂ’ (1961) ಚಿತ್ರಗಳಲ್ಲಿ ಯೋಡ್ಲಿಂಗ್, ಬಿಕ್ಕಳಿಕೆ, ಅಣಕ, ಅಸಂಬದ್ಧ ಪದಗಳೆಲ್ಲ ಹಾಡಿನ ಮೈಯಾಗಿವೆ. ‘ಹಾಫ್ ಟಿಕೆಟ್’ (1962) ಚಿತ್ರಕ್ಕೆ ಸಲಿಲ್ ಚೌಧರಿ ಮಾಡಿದ ಯುಗಳ ಗೀತೆಯಲ್ಲಿ ಹೆಣ್ಣುದನಿಯೂ ಅವರದೇ, ಗಂಡುದನಿಯೂ ಅವರದೇ. ತೆರೆಯ ಮೇಲೆ ಹೆಣ್ಣುವೇಷದ ಕಿಶೋರ್ ಪ್ರಾಣ್ ಅವರನ್ನು ಕುಣಿಸುತ್ತಾರೆ. ‘ಪಡೋಸನ್’ (1968) ಚಿತ್ರದ ಸ್ಪರ್ಧೆಯ ಹಾಡು ಮೂಲದಲ್ಲಿ 1941ರ ‘ಝೂಲಾ’ ಚಿತ್ರಕ್ಕೆ ಅವರ ಅಣ್ಣ ಅಶೋಕ್ ಕುಮಾರ್ ಹಾಡಿದ್ದ ಪಲ್ಲವಿಯಿಂದ ಬಂದದ್ದು. ಆರ್.ಡಿ. ಬರ್ಮನ್ ಅದನ್ನು ಮನ್ನಾ ಡೇ, ಕಿಶೋರ್, ಮೆಹಮೂದ್ ಮೂವರ ಜಟಾಪಟಿಯಾಗಿ ಬೆಳೆಸಿದರು. ಶಾಸ್ತ್ರೀಯ ಸ್ವರಪ್ರಸ್ತಾರಕ್ಕೆ ಎದುರಾಗಿ ಅಣಕ, ಮೂದಲಿಕೆಗಳನ್ನು ನಿಲ್ಲಿಸಿ ಗೆಲ್ಲಿಸುವ ಈ ಹಾಡಿನಲ್ಲಿ ಸೋಲುವ ಪಾತ್ರಕ್ಕೆ ಅಷ್ಟು ಶುದ್ಧವಾಗಿ ಹಾಡಿದ ಮನ್ನಾ ಡೇ ಅವರ ದೊಡ್ಡತನವನ್ನು ನೆನೆಯಲೇಬೇಕು. ಕನ್ನಡಿಗರಿಗೆ ಈ ಕಿಶೋರ್ ಒಂದೇ ಒಂದು ಸಲ ಸಿಕ್ಕರು. ದ್ವಾರಕೀಶ್ ಅವರ ‘ಕುಳ್ಳ ಏಜೆಂಟ್ 000’ (1972) ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತದಲ್ಲಿ ಅವರು ಹಾಡಿದ ‘ಆಡು ಆಟ ಆಡು’ ಅದೇ ಲವಲವಿಕೆಯ ಹಾಡು.

ಹೆಣ್ಣು ಪಾತ್ರಗಳ ವಿಷಯದಲ್ಲಿ ನಿಯಮ ಬಿಗಿಯಾಗಿತ್ತು. ಮರ್ಯಾದಸ್ಥ ನಾಯಕಿ ಹಾಡುತ್ತ ಜೋರಾಗಿ ನಗುವಂತಿರಲಿಲ್ಲ. ಅದಕ್ಕೊಂದು ಹಿಂಬಾಗಿಲನ್ನು ಉದ್ಯಮವೇ ತೆರೆಯಿತು, ಅದು ಕುಡಿದ ನಾಯಕಿಯ ಹಾಡು. ‘ಕಿಸ್ಮತ್’ (1968) ಚಿತ್ರದಲ್ಲಿ ನಯ್ಯರ್ ಅವರಿಗಾಗಿ ಆಶಾ, ‘ಇಂತಕಾಮ್’ (1969) ಚಿತ್ರದಲ್ಲಿ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಅವರಿಗಾಗಿ ಲತಾ ಮಂಗೇಶ್ಕರ್ ಹಾಡಿದ ಹಾಡುಗಳಲ್ಲಿ ಬಿಕ್ಕಳಿಕೆ, ತೊದಲು ಎರಡೂ ತಾಳಕ್ಕೆ ಕೂತಿವೆ. ‘ಸೀತಾ ಔರ್ ಗೀತಾ’ (1972) ಕೂಡ ಇದೇ ಸಾಲಿನದು. ಎಚ್ಚರದಲ್ಲಿದ್ದ ಹೆಣ್ಣಿಗೆ ಕೊಡದ ಸಲಿಗೆಯನ್ನು ಮತ್ತಿನಲ್ಲಿದ್ದವಳಿಗೆ ಕೊಟ್ಟದ್ದು ಆ ಕಾಲದ ಚಿತ್ರರಂಗದ ಸಣ್ಣತನವೇ ಸರಿ. ಆದರೆ ಆ ಸಂದಿಯಲ್ಲಿ ಗಾಯಕಿಯರು ಮಾಡಿದ ಕೆಲಸ ಸಣ್ಣದಲ್ಲ. ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಕುಡಿದ ನಾಯಕಿ ಛೋಟಿ ಬಹೂಗಾಗಿ ಗೀತಾ ದತ್ ಹಾಡಿದ ಹಾಡಿನಲ್ಲಿ ನಗುವಿಲ್ಲ, ಬೇಡಿಕೆಯಷ್ಟೇ ಇದೆ.

ಆರ್.ಡಿ. ಬರ್ಮನ್ ಉಸಿರನ್ನೇ ವಾದ್ಯವೆಂದು ತಿಳಿದ ಸಂಗೀತಗಾರ. ‘ಕಾರವಾನ್’ (1971) ಚಿತ್ರದಲ್ಲಿ ಹೆಲೆನ್ ಅವರಿಗಾಗಿ ಆಶಾ ಹಾಡಿದ ಕ್ಯಾಬರೆ ಹಾಡಿನಲ್ಲಿ ಏದುಸಿರು ತಾಳವಾಗಿ ಬಡಿಯುತ್ತದೆ. ‘ಅಪ್ನಾ ದೇಶ್’ (1972) ಚಿತ್ರದ ಹಾಡಿನಲ್ಲಿ ಅವರೇ ಆಶಾ ಜೊತೆ ಹಾಡಿ ಕರ್ಕಶ ಉಸಿರನ್ನು ಪಲ್ಲವಿಯ ಗುರುತನ್ನಾಗಿಸಿದರು. ನಗು, ಉಸಿರು, ಪಿಸುಮಾತು ಇವು ಹಾಡಿಗೆ ಹೊರಗಿನಿಂದ ಅಂಟಿಸಿದ ಅಭಿನಯವಾಗಿ ಉಳಿಯದೆ ಸ್ವರಸಂಯೋಜನೆಯ ಭಾಗವಾದದ್ದು ಅವರ ಕೈಯಲ್ಲಿ.

ಈ ಇಡೀ ಪರಂಪರೆಯ ಶಿಖರವೆಂದು ಒಂದೇ ಹಾಡನ್ನು ಹೆಸರಿಸಬೇಕಾದರೆ ಅದು ‘ಘರ್’ (1978) ಚಿತ್ರದ ‘ಆಪ್ ಕೀ ಆಂಖೋಂ ಮೇ ಕುಛ್’. ಸಂಗೀತ ಆರ್.ಡಿ. ಬರ್ಮನ್, ಸಾಹಿತ್ಯ ಗುಲ್ಜಾರ್, ತೆರೆಯ ಮೇಲೆ ರೇಖಾ ಮತ್ತು ವಿನೋದ್ ಮೆಹ್ರಾ. ದೌರ್ಜನ್ಯವೊಂದರಿಂದ ನಲುಗುವ ಎಳೆಯ ದಂಪತಿಯ ಕಥೆಯಲ್ಲಿ ಇದು ಸುಖದ ದಿನಗಳ ಹಾಡು. ಕಿಶೋರ್ ತಗ್ಗಿದ ದನಿಯಲ್ಲಿ ಹೊಗಳಿಕೆ ಹಾಡುತ್ತಾರೆ. ಲತಾ ಉತ್ತರಿಸುತ್ತ, ಅವನ ಹೊಗಳಿಕೆಯಲ್ಲೇ ತುಂಟತನವಿದೆಯೆಂದು ಛೇಡಿಸುವ ಕಡೆ, ಕಿಸಕ್ಕನೆ ಒಂದು ನಗು ನಗುತ್ತಾರೆ. ಅದು ಒಂದು ಸೆಕೆಂಡೂ ಇರಲಾರದು. ನಗುವಿನ ಕೊನೆಯ ಉಸಿರು ಮುಂದಿನ ಪದಕ್ಕೆ ಒರಗಿಕೊಳ್ಳುತ್ತದೆ, ಆ ಪದದ ಮೊದಲಕ್ಷರದಲ್ಲಿ ನಗುವಿನ ಕಂಪನ ಇನ್ನೂ ಇರುತ್ತದೆ, ಸಾಲು ಮುಗಿಯುವ ಹೊತ್ತಿಗೆ ದನಿ ಮತ್ತೆ ನೆಟ್ಟಗಾಗಿರುತ್ತದೆ. ಶ್ರುತಿ ಎಲ್ಲೂ ಅಲುಗಿಲ್ಲ, ತಾಳ ಕಾದಿಲ್ಲ. ಆಗ ಲತಾ ಅವರಿಗೆ ಐವತ್ತು ಹತ್ತಿರವಾಗಿತ್ತು. ಹೊಸದಾಗಿ ಒಲಿದ ಹೆಣ್ಣಿನ ನಾಚಿಕೆ, ಸಲಿಗೆ, ನಂಬಿಕೆ ಮೂರನ್ನೂ ಅವರು ಆ ಒಂದು ನಗುವಿನಲ್ಲಿ ಇಟ್ಟಿದ್ದಾರೆ. ರೇಖಾ ಅದಕ್ಕೆ ಮುಖ ಕೊಟ್ಟಿದ್ದಾರೆ. ಸ್ಮಿತದ ಮಿತಿಯಲ್ಲೇ ಇದ್ದುಕೊಂಡು ಇಷ್ಟು ಹೇಳಿದ ಇನ್ನೊಂದು ನಗು ಹಿಂದಿ ಚಿತ್ರಗೀತೆಯಲ್ಲಿಲ್ಲ.

1980ರ ದಶಕದ ನಂತರ ಮುದ್ರಣದ ವಿಧಾನ ಬದಲಾಯಿತು. ಅನೇಕ ಟ್ರ್ಯಾಕುಗಳಲ್ಲಿ ದನಿ, ವಾದ್ಯಗಳನ್ನು ಬೇರೆಬೇರೆಯಾಗಿ ತುಂಬುವುದು ವಾಡಿಕೆಯಾದಂತೆ ಯುಗಳ ಗೀತೆಯ ಇಬ್ಬರೂ ಬೇರೆಬೇರೆ ದಿನ ಬಂದು ಹಾಡಿ ಹೋಗತೊಡಗಿದರು. ಎದುರಿಗೆ ನಿಂತವರ ಸಾಲಿಗೆ ನಗುವ ಅವಕಾಶವೇ ತಪ್ಪಿತು. ನಗುವನ್ನು ಈಗ ಬೇಕಾದ ಜಾಗಕ್ಕೆ ಆಮೇಲೆ ಕೂಡಿಸಬಹುದು, ತಾಳಕ್ಕೆ ಸರಿಹೊಂದಿಸಬಹುದು. ಹೀಗೆ ಕೂಡಿಸಿದ ನಗು ಎಷ್ಟು ಅಚ್ಚುಕಟ್ಟಾಗಿದ್ದರೂ ಪಕ್ಕದ ಪದಕ್ಕೆ ತನ್ನ ಉಸಿರನ್ನು ಕೊಡಲಾರದು.

ಚಿತ್ರಮಂದಿರಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಾಗಲಿ, ಈಚಿನ ಗೀತ ಸಂಕಲನಗಳಲ್ಲಾಗಲಿ ಈ ನಗುಗಳಿಗೆ ಜಾಗವಿಲ್ಲ, ಪದಗಳಷ್ಟೇ ಅಚ್ಚಾಗುತ್ತವೆ. ಹಳೆಯ ಹಾಡುಗಳನ್ನು ಇನ್ನು ಮುಂದೆ ಸಂಗ್ರಹಿಸುವವರು, ಸ್ವರಲಿಪಿಗೆ ಇಳಿಸುವವರು ನಗು ಬರುವ ಜಾಗವನ್ನೂ ಅದರ ಅವಧಿಯನ್ನೂ ಗುರುತು ಹಾಕಬೇಕು. ಅದು ಗಾಯಕಿ ಹಾಡಿದ್ದರಲ್ಲೇ ಸೇರಿದ್ದು.