79 ತುಣುಕುಗಳ ಜೀನ್: ಡಿಸ್ಟ್ರೋಫಿನ್ ಸಂಶೋಧನೆ ನಡೆದುಬಂದ ದಾರಿ

ನೆಲದ ಮೇಲೆ ಕೂತ ಐದು ವರ್ಷದ ಹುಡುಗ ಏಳಬೇಕಾದರೆ ಮೊದಲು ಬೋರಲಾಗುತ್ತಾನೆ. ಕೈಕಾಲೂರಿ ಸೊಂಟ ಎತ್ತುತ್ತಾನೆ. ಆಮೇಲೆ ಕೈಗಳನ್ನು ಮೊಣಕಾಲಿನಿಂದ ತೊಡೆಗೆ ಸರಿಸುತ್ತಾ, ತನ್ನ ಮೈಯನ್ನೇ ತಾನು ಹತ್ತುವವನ ಹಾಗೆ ನೆಟ್ಟಗಾಗುತ್ತಾನೆ. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1879ರಲ್ಲಿ ಬಣ್ಣಿಸಿದ ಈ ಲಕ್ಷಣಕ್ಕೆ ಈಗಲೂ ಅವನದೇ ಹೆಸರು. ಅದರ ಹಿಂದಿನ ಸ್ನಾಯುಕ್ಷಯ ರೋಗಕ್ಕೆ ಮಾತ್ರ ಫ್ರಾನ್ಸಿನ ವೈದ್ಯ ಡುಶೆನ್ ಹೆಸರು ನಿಂತಿತು. ನ್ಯಾಯವಾಗಿ ನೋಡಿದರೆ ಡುಶೆನ್‌ಗಿಂತ ಮೊದಲೇ, 1850ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಮೆರಿಯನ್ ಈ ಕಾಯಿಲೆಯ ಸ್ನಾಯುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ತಂತುಗಳ ಹೊರಪೊರೆಯೇ ಹರಿದಿದೆ ಎಂದು ಬರೆದಿದ್ದ. ಆ ಮಾತಿನ ತೂಕ ತಿಳಿಯಲು ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ತಾಯಿ ಆರೋಗ್ಯವಾಗಿದ್ದು ಗಂಡುಮಕ್ಕಳಷ್ಟೇ ನರಳುವುದನ್ನು ಕಂಡು, ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ಗಂಡಿಗಿರುವುದು ಒಂದೇ ಎಕ್ಸ್. ಅದು ಕೆಟ್ಟರೆ ಬದಲಿ ಇಲ್ಲ. ಆದರೆ ಹದಿನೈದು ಕೋಟಿಗೂ ಮಿಕ್ಕ ಅಕ್ಷರಗಳಿರುವ ಆ ತಂತುವಿನಲ್ಲಿ ಎಲ್ಲಿ ಹುಡುಕುವುದು? ಸುಳಿವು ಕೊಟ್ಟವರು ರೋಗ ಬರಬಾರದಿದ್ದ ಕೆಲವೇ ಹುಡುಗಿಯರು. ಅವರ ಒಂದು ಎಕ್ಸ್ ತುಂಡಾಗಿ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿತ್ತು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗಿರುತ್ತದೆ. ಇವರಲ್ಲಿ ಮೌನವಾದದ್ದು ಸರಿಯಿದ್ದ ಎಕ್ಸ್. ಎಲ್ಲರಲ್ಲೂ ಮುರಿದ ಜಾಗ ಒಂದೇ: ಗಿಡ್ಡ ತೋಳಿನ ಎಕ್ಸ್‌ಪಿ21. ಟೊರಾಂಟೊದಲ್ಲಿ ರೊನಾಲ್ಡ್ ವರ್ಟನ್ ತಂಡ ಇಂಥ ಒಬ್ಬ ಹುಡುಗಿಯ ಮುರಿದ ಜಾಗದಿಂದಲೇ ಒಳಹೊಕ್ಕಿತು. ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ ತಂಡ ಹಿಡಿದ ದಾರಿ ಬೇರೆ. ಅವರ ಕೈಗೆ ಸಿಕ್ಕ ಹುಡುಗನೊಬ್ಬನಿಗೆ ಸ್ನಾಯುಕ್ಷಯದ ಜೊತೆಗೆ ಇನ್ನೂ ಕೆಲವು ಆನುವಂಶಿಕ ಕಾಯಿಲೆಗಳಿದ್ದವು. ಎಕ್ಸ್‌ಪಿ21ರ ಒಂದು ದೊಡ್ಡ ಭಾಗವೇ ಅವನಲ್ಲಿರಲಿಲ್ಲ. ಬೇರೆಯವರಲ್ಲಿದ್ದು ಇವನಲ್ಲಿಲ್ಲದ ಡಿಎನ್‌ಎಯನ್ನು ಸೋಸಿ ತೆಗೆದರು. 1986ರಲ್ಲಿ ಜೀನಿನ ಚೂರು ಸಿಕ್ಕಿತು, 1987ರಲ್ಲಿ ಅದರ ಪೂರ್ತಿ ಸಂದೇಶವೂ ಅದು ತಯಾರಿಸುವ ಪ್ರೋಟೀನೂ ಸಿಕ್ಕವು. ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಪ್ರೋಟೀನ್ ಯಾವುದೆಂದೇ ಗೊತ್ತಿಲ್ಲದೆ, ಬರೀ ವಿಳಾಸ ಹಿಡಿದು ರೋಗದ ಜೀನನ್ನು ಪತ್ತೆಹಚ್ಚಿದ ಮೊದಮೊದಲ ಸಾಹಸಗಳಲ್ಲಿ ಇದೂ ಒಂದು.

ಸಿಕ್ಕಿದ್ದು ದೈತ್ಯ. ಸುಮಾರು 22 ಲಕ್ಷ ಅಕ್ಷರಗಳ ಉದ್ದ, 79 ಎಕ್ಸಾನ್‌ಗಳು, ಅಂದರೆ ಸಂದೇಶಕ್ಕೆ ಸೇರುವ ತುಣುಕುಗಳು. ಪ್ರೋಟೀನಿಗೆ ಬೇಕಾದ ಮಾಹಿತಿ ಅದರಲ್ಲಿ ಶೇಕಡಾ ಒಂದೂ ಇಲ್ಲ. ಇಡೀ ಜೀನನ್ನು ಒಮ್ಮೆ ಆರ್‌ಎನ್‌ಎಗೆ ನಕಲು ಮಾಡಲು ಜೀವಕೋಶಕ್ಕೆ ಸುಮಾರು 16 ಗಂಟೆ ಬೇಕು. ಇಷ್ಟು ಉದ್ದವಿದ್ದ ಮೇಲೆ ಎಲ್ಲೋ ಒಂದು ಕಡೆ ಎಡವಟ್ಟಾಗುವುದು ಸಹಜವೇ. ಮನೆತನದಲ್ಲಿ ಯಾರಿಗೂ ಇಲ್ಲದ ರೋಗ ಹೊಸ ದೋಷದಿಂದಾಗಿ ಮಗುವಿಗೆ ಬಂದ ಉದಾಹರಣೆಗಳು ಬಹಳ. ಮೆರಿಯನ್ ಹೇಳಿದ್ದೂ ಈಗ ಅರ್ಥವಾಯಿತು: ಸ್ನಾಯುತಂತುವಿನ ಒಳಚೌಕಟ್ಟನ್ನು ಹೊರಪೊರೆಗೆ ಬಿಗಿಯುವುದೇ ಡಿಸ್ಟ್ರೋಫಿನ್. ಅದಿಲ್ಲದಿದ್ದರೆ ಪ್ರತಿ ಸಂಕೋಚನದಲ್ಲೂ ಪೊರೆ ಹರಿಯುತ್ತದೆ.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದಿಕ್ಕು ಬದಲಿಸಿದ್ದು ಜೀನಿನ ಶೋಧಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೇ, 1988ರಲ್ಲಿ, ಕುಂಕೆಲ್ ತಂಡದ ಆಂಥೊನಿ ಮೊನಾಕೊ ಮತ್ತಿತರರು ಬಿಡಿಸಿದ ಒಂದು ಒಗಟು. ಜರ್ಮನಿಯ ಪೀಟರ್ ಎಮಿಲ್ ಬೆಕರ್ 1955ರಲ್ಲಿ ಗುರುತಿಸಿದ ಸೌಮ್ಯ ಸ್ನಾಯುಕ್ಷಯಕ್ಕೂ ಇದೇ ಜೀನ್ ಕಾರಣ. ಎಷ್ಟೋ ಸಲ ಬೆಕರ್ ರೋಗಿಯಲ್ಲೇ ಹೆಚ್ಚು ಭಾಗ ಅಳಿಸಿಹೋಗಿರುತ್ತದೆ. ಹಾಗಾದರೆ ಅವನೇಕೆ ಮಧ್ಯವಯಸ್ಸಿನಲ್ಲೂ ನಡೆದಾಡುತ್ತಾನೆ? ಸಂದೇಶವನ್ನು ಓದುವುದು ಮೂರು ಮೂರು ಅಕ್ಷರಗಳಾಗಿ. ಕಳೆದುಹೋದ ಅಕ್ಷರಗಳು ಮೂರರ ಗುಣಕವಾಗಿದ್ದರೆ ಮುಂದಿನ ಓದು ಕೆಡುವುದಿಲ್ಲ, ಮೋಟಾದರೂ ಕೆಲಸಕ್ಕೆ ಬರುವ ಪ್ರೋಟೀನ್ ಹುಟ್ಟುತ್ತದೆ. ಅಲ್ಲದಿದ್ದರೆ ಅಲ್ಲಿಂದಾಚೆ ಎಲ್ಲವೂ ತಪ್ಪು. 1990ರಲ್ಲಿ, ಜೀನಿನ ಸಂದೇಶದ ಅರ್ಧಕ್ಕೆ ಹತ್ತಿರದಷ್ಟು ಭಾಗವಿಲ್ಲದಿದ್ದರೂ 61ನೇ ವಯಸ್ಸಿನಲ್ಲಿ ಓಡಾಡುತ್ತಿದ್ದ ರೋಗಿಯೊಬ್ಬನ ವರದಿ ಬಂದಾಗ ಈ ಮಾತು ಗಟ್ಟಿಯಾಯಿತು.

ಇಂದಿನ ಹೊಸ ಚಿಕಿತ್ಸೆಗಳಲ್ಲಿ ಮುಖ್ಯವಾದ ಎರಡೂ ಹುಟ್ಟಿದ್ದು ಇಲ್ಲಿಂದಲೇ. ಕೆಟ್ಟ ಎಕ್ಸಾನಿನ ಪಕ್ಕದ್ದನ್ನೂ ಹಾರಿಸಿ ಓದಿಸಿದರೆ ಲೆಕ್ಕ ಮತ್ತೆ ಮೂರಕ್ಕೆ ಕೂಡುತ್ತದೆ, ಡುಶೆನ್ ಬೆಕರ್ ಆಗುತ್ತದೆ. ಎಕ್ಸಾನ್ 51ನ್ನು ಹಾರಿಸುವ ಎಟೆಪ್ಲಿರ್ಸೆನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಿಂದ ಹುಟ್ಟಿದ ಡಿಸ್ಟ್ರೋಫಿನ್ ತೀರಾ ಅಲ್ಪವೆಂದು ಎಫ್‌ಡಿಎಯ ಒಳಗೇ ಜಗಳವಾಯಿತು. ಅದು ಉಪಯೋಗಕ್ಕೆ ಬರುವುದೂ ನೂರರಲ್ಲಿ ಸುಮಾರು 13 ರೋಗಿಗಳಿಗೆ ಮಾತ್ರ. ಇನ್ನೊಂದು ದಾರಿ ಜೀನನ್ನೇ ಚಿಕ್ಕದಾಗಿಸುವುದು. ಜೀನನ್ನು ಜೀವಕೋಶಕ್ಕೆ ಸಾಗಿಸುವ ಎಎವಿ ಎಂಬ ವೈರಸ್ಸಿನೊಳಗೆ ಹಿಡಿಯುವುದು ಐದು ಸಾವಿರಕ್ಕಿಂತ ಕಡಿಮೆ ಅಕ್ಷರ. ಪ್ರೋಟೀನಿನ ಸಂದೇಶವೇ ಹನ್ನೊಂದು ಸಾವಿರ. ಆದ್ದರಿಂದ ನಡುವಿನದ್ದನ್ನೆಲ್ಲ ಕತ್ತರಿಸಿ ಮೈಕ್ರೊಡಿಸ್ಟ್ರೋಫಿನ್ ಮಾಡಿದರು. ಎಲೆವಿಡಿಸ್ ಹೆಸರಿನ ಅದು 2023ರಲ್ಲಿ ಬಂತು, ಬೆಲೆ 32 ಲಕ್ಷ ಡಾಲರ್. 2025ರಲ್ಲಿ ಅದನ್ನು ಪಡೆದ, ನಡೆಯಲಾರದ ಇಬ್ಬರು ಹುಡುಗರು ಯಕೃತ್ತು ಕೈಕೊಟ್ಟು ತೀರಿಕೊಂಡ ಮೇಲೆ ಆ ಹಂತದ ರೋಗಿಗಳಿಗೆ ಕೊಡುವುದನ್ನು ನಿಲ್ಲಿಸಲಾಯಿತು.

ಈ ನಡುವೆ ಹೆಚ್ಚಿನ ಮಕ್ಕಳನ್ನು ಕಾಪಾಡುತ್ತಿರುವುದು ಹಳೆಯ ಸ್ಟೆರಾಯ್ಡ್ ಗುಳಿಗೆ, ಹೃದಯದ ಔಷಧಿ, ರಾತ್ರಿಯ ಉಸಿರಾಟದ ಯಂತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯಾವ ಎಕ್ಸಾನ್ ಕಳೆದಿದೆ ಎಂಬುದನ್ನು ರಕ್ತಪರೀಕ್ಷೆಯಿಂದಲೇ ಹೇಳುತ್ತಾರೆ. ಮೊದಲಿನಂತೆ ಸ್ನಾಯುವಿನ ಚೂರು ತೆಗೆಯುವ ಪ್ರಮೇಯ ಈಗ ಅನೇಕರಿಗೆ ಬರುವುದಿಲ್ಲ. ತಾಯಿ ವಾಹಕಿಯೆಂದು ಗೊತ್ತಾದರೆ ಆಕೆಯ ಹೃದಯವನ್ನೂ ಆಗಾಗ ನೋಡಿಸಬೇಕು. ಎರಡನೆಯ ಎಕ್ಸ್ ಇದ್ದರೂ ಕೆಲವರ ಹೃದಯಸ್ನಾಯು ದುರ್ಬಲವಾಗುತ್ತದೆ, ಮಗನ ಹಿಂದೆ ಆಸ್ಪತ್ರೆ ಅಲೆಯುವ ಗಡಿಬಿಡಿಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.