ಅಮೆರಿಕದ ಅಂತರ್ಯುದ್ಧ: ಕಾರಣವೂ ಫಲವೂ

ಅಮೆರಿಕದ ಅಂತರ್ಯುದ್ಧಕ್ಕೆ ಕಾರಣವೇನೆಂದು ತರಗತಿಯಲ್ಲಿ ಕೇಳಿದರೆ ಕೆಲವರು ಗುಲಾಮಗಿರಿಯೆಂದೂ ಕೆಲವರು ರಾಜ್ಯಗಳ ಹಕ್ಕೆಂದೂ ಉತ್ತರಿಸುವರು. ಎರಡಕ್ಕೂ ಸಮನಾದ ಅಂಕಗಳನ್ನು ಕೊಟ್ಟುಬಿಡುವುದು ನಮಗೆ ಸುಲಭ. ಆದರೆ ಅದರಿಂದ ಇತಿಹಾಸಕ್ಕೆ ನ್ಯಾಯ ಸಲ್ಲದು.

ಉತ್ತರದಲ್ಲಿ ಕಾರ್ಖಾನೆಗಳೂ ಸಣ್ಣ ಹಿಡುವಳಿಗಳೂ ಬೆಳೆದಿದ್ದುವು. ದಕ್ಷಿಣದ ಸಿರಿಯ ಮೂಲ ಹತ್ತಿ. ಹತ್ತಿಯ ಹೊಲದ ದುಡಿಮೆ ಗುಲಾಮರದು. ೧೮೬೦ರಲ್ಲಿ ಅವರ ಸಂಖ್ಯೆ ಸುಮಾರು ೪೦ ಲಕ್ಷ. ಪಶ್ಚಿಮದ ಹೊಸ ಸೀಮೆಗಳಿಗೆ ಗುಲಾಮಗಿರಿ ಹಬ್ಬಕೂಡದೆಂದ ಅಬ್ರಹಾಂ ಲಿಂಕನ್ನರು ಆ ವರ್ಷ ಅಧ್ಯಕ್ಷರಾಗಿ ಚುನಾಯಿತರಾದರು. ಡಿಸೆಂಬರಿನಲ್ಲಿ ದಕ್ಷಿಣ ಕೆರೊಲಿನಾ ಒಕ್ಕೂಟವನ್ನು ತೊರೆಯಿತು. ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದೊಪ್ಪಿಸುತ್ತಿಲ್ಲವೆಂಬುದು ಅದರ ಮುಖ್ಯ ದೂರುಗಳಲ್ಲೊಂದು. ರಾಜ್ಯಗಳ ಹಕ್ಕೇ ದೊಡ್ಡದಾಗಿದ್ದರೆ, ಒಪ್ಪಿಸಲಾರೆವೆನ್ನುವ ಹಕ್ಕು ಉತ್ತರದ ರಾಜ್ಯಗಳಿಗೂ ಇರಬೇಕಷ್ಟೆ? ಸೋತ ಬಳಿಕ ದಕ್ಷಿಣದ ಮುಖಂಡರು ಬರೆದ ಗ್ರಂಥಗಳಲ್ಲಿ ಗುಲಾಮಗಿರಿ ಹಿಂದೆ ಸರಿದು ಹಕ್ಕಿನ ಮಾತು ಮುಂದೆ ಬಂದಿತು.

೧೮೬೧ರ ಏಪ್ರಿಲ್ ೧೨ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿತು. ಒಟ್ಟು ೧೧ ರಾಜ್ಯಗಳು ಬೇರೆಯಾದುವು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಮಡಿದರು. ಗುಂಡಿಗಿಂತ ರೋಗವೇ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾಗಲು ಇಂಗ್ಲೆಂಡಿನ ಅನೇಕ ಗಿರಣಿಗಳು ಹತ್ತಿಯಿಲ್ಲದೆ ನಿಂತುವು. ಆಗ ನಮ್ಮ ಧಾರವಾಡ ಸೀಮೆಯ ಹತ್ತಿಯ ಬೆಲೆ ಏರಿ, ೧೮೬೫ರಲ್ಲಿ ಶಾಂತಿಯಾದೊಡನೆ ಕುಸಿಯಿತು. ದೂರದ ಯುದ್ಧವು ನಮ್ಮ ಎರೆಹೊಲವನ್ನೂ ಮುಟ್ಟದೆ ಬಿಡಲಿಲ್ಲ.

ಸಂವಿಧಾನದ ೧೩ನೆಯ ತಿದ್ದುಪಡಿಯಿಂದ ೧೮೬೫ರಲ್ಲಿ ಗುಲಾಮಗಿರಿ ರದ್ದಾಯಿತು. ಯುದ್ಧಕ್ಕೆ ಮುನ್ನ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಬಿಡುಗಡೆ ಹೊಂದಿದವರು ಮೊದಲು ಬಯಸಿದವುಗಳಲ್ಲಿ ಶಾಲೆಯೂ ಒಂದು. ಮುದುಕರೂ ಮಕ್ಕಳೂ ಜೊತೆಯಲ್ಲಿ ಕುಳಿತು ಅಕ್ಷರ ತಿದ್ದಿದರು. ೧೮೭೦ರಲ್ಲಿ ವರ್ಣಭೇದವಿಲ್ಲದೆ ಪುರುಷರಿಗೆ ಮತದ ಹಕ್ಕು ದೊರೆಯಿತು. ಆದರೆ ೧೮೭೭ರಲ್ಲಿ ಒಕ್ಕೂಟದ ಸೈನ್ಯವು ಕಾವಲಿನಿಂದ ಹಿಂದೆಗೆದ ಮೇಲೆ, ಮತದಾನಕ್ಕೆ ತೆರಿಗೆಯೂ ಓದುಬರಹದ ಪರೀಕ್ಷೆಯೂ ಕ್ರಮೇಣ ಬಂದುವು. ಅಕ್ಷರವನ್ನು ತಡೆದ ನಾಡೇ ಅಕ್ಷರದ ಪರೀಕ್ಷೆಯನ್ನಿಟ್ಟಿತು! ಶಾಲೆಗಳೂ ಬಣ್ಣವನ್ನನುಸರಿಸಿ ಇಬ್ಭಾಗವಾದುವು. ಈ ವಿಭಜನೆ ಅಕ್ರಮವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದುದು ೧೯೫೪ರಲ್ಲಿ. ಮತದ ಹಕ್ಕಿಗೆ ಬಲವಾದ ಕಾಯಿದೆಯ ರಕ್ಷಣೆ ಬಂದುದು ೧೯೬೫ರಲ್ಲಿ.

ಯುದ್ಧ ಮುಗಿದುದಕ್ಕೂ ಆ ರಕ್ಷಣೆ ಬಂದುದಕ್ಕೂ ನಡುವೆ ನೂರು ವರ್ಷಗಳ ಅಂತರವಿದೆ. ಆದುದರಿಂದ ಈ ಪಾಠವನ್ನು ೧೮೬೫ಕ್ಕೆ ಮುಗಿಸುವುದು ತರವಲ್ಲ. ಕದನದ ತಾರೀಖುಗಳನ್ನು ಕಲಿತ ವಿದ್ಯಾರ್ಥಿಯು ಈ ನೂರು ವರ್ಷಗಳ ಲೆಕ್ಕವನ್ನೂ ಕೇಳುವಂತಾದರೆ, ನಮ್ಮ ಬೋಧನೆ ಸಾರ್ಥಕವಾದೀತು.